ಹಳ್ಳಿ, ಹಲ್ಲಿ ಮತ್ತು ಒಂದು ಬಿಟ್

‘ಬರಹ’ ತಂತ್ರಾಂಶದಲ್ಲಿ ಕನ್ನಡ ಟೈಪ್ ಮಾಡಿದವರಿಗೆ ಈ ಎಡವಟ್ಟು ಗೊತ್ತಿರುತ್ತೆ. ಶಿಫ್ಟ್ ಒತ್ತೋದು ಮರೆತರೆ ಅಜ್ಜಿಯ ಹಳ್ಳಿ ಹೋಗಿ ಅಜ್ಜಿಯ ಹಲ್ಲಿ ಆಗಿಬಿಡುತ್ತೆ! ಸಣ್ಣ ಎಲ್ ಅಂದ್ರೆ ಲ, ದೊಡ್ಡ ಎಲ್ ಅಂದ್ರೆ ಳ. ನಮ್ಮ ಲಿಪಿಯಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಅನ್ನೋ ಭೇದವೇ ಇಲ್ಲ. ಆದರೂ ಕನ್ನಡ ಬರೆಯೋಕೆ ಅದನ್ನೇ ಸಾಲ ತಂದೆವು. ಪ್ರೋಗ್ರಾಮಿಂಗ್ ಭಾಷೆಗಳು ಈ ಭೇದವನ್ನು ಗಣಿಸಬೇಕೇ ಅನ್ನೋ ಜಗಳವೂ ಹಳೆಯದು. ಅದರ ಬೇರು ಯಾವ ಸಿದ್ಧಾಂತದಲ್ಲೂ ಇಲ್ಲ, ಜಾಗದ ಕೊರತೆಯಲ್ಲಿದೆ.

1957ರಲ್ಲಿ ಐಬಿಎಂ 704 ಯಂತ್ರಕ್ಕೆ ಫೋರ್ಟ್ರಾನ್ ಬಂತು. ಆಗ ಒಂದು ಅಕ್ಷರಕ್ಕೆ 6 ಬಿಟ್, ಅಂದರೆ ಒಟ್ಟು 64 ಚಿಹ್ನೆ. ನೀವೇ ಲೆಕ್ಕ ಹಾಕಿ: ಎರಡೂ ಬಗೆಯ ಅಕ್ಷರಗಳಿಗೆ 52, ಅಂಕಿಗಳಿಗೆ 10. ಕೂಡು, ಕಳೆ, ಆವರಣ, ಅಲ್ಪವಿರಾಮಕ್ಕೆಲ್ಲ ಉಳಿಯೋದು ಎರಡೇ! ಸಣ್ಣಕ್ಷರಗಳು ಹೊರಗುಳಿದವು. 1963ರ ಮೊದಲ ಆಸ್ಕಿಯಲ್ಲೂ ಅವು ಇರಲಿಲ್ಲ, 1967ರ ಪರಿಷ್ಕರಣೆಯಲ್ಲಿ ಬಂದವು. ದೊಡ್ಡ ಎ 65, ಸಣ್ಣ ಎ 97. ವ್ಯತ್ಯಾಸ 32, ಅಂದರೆ ಒಂದೇ ಒಂದು ಬಿಟ್.

1970ರ ದಶಕದ ಆರಂಭದಲ್ಲಿ ಬೆಲ್ ಲ್ಯಾಬ್ಸ್‌ನಲ್ಲಿ ಹುಟ್ಟಿದ ಸಿ ಭಾಷೆ ಆ ಬಿಟ್ಟನ್ನು ಗಂಭೀರವಾಗಿ ತಗೊಂಡಿತು. ಪಾಸ್ಕಲ್, ಎಸ್‌ಕ್ಯೂಎಲ್ ತಗೊಳ್ಳಲಿಲ್ಲ. ಅದೇ ಬೆಲ್ ಲ್ಯಾಬ್ಸ್‌ನ ಯೂನಿಕ್ಸ್‌ಗೆ ನೀವು ಪೂರ್ತಿ ದೊಡ್ಡಕ್ಷರದಲ್ಲಿ ಲಾಗಿನ್ ಆದರೆ, ‘ಪಾಪ, ಇವರ ಟರ್ಮಿನಲ್‌ನಲ್ಲಿ ಸಣ್ಣಕ್ಷರವೇ ಇಲ್ಲ’ ಅಂದುಕೊಂಡು ಅದು ಹೊಂದಿಕೊಳ್ತಿತ್ತು. ಸಿ ಭಾಷೆಯ ಹಾದಿ ಹಿಡಿದವುಗಳಲ್ಲಿ ಅಂಥ ಕರುಣೆ ಕಡಿಮೆ. ‘ಟ್ರೂ’ ಅನ್ನೋ ಪದ ಆರ್‌ನಲ್ಲಿ ಪೂರ್ತಿ ದೊಡ್ಡಕ್ಷರ, ಪೈಥಾನ್‌ನಲ್ಲಿ ಮೊದಲಕ್ಷರ ಮಾತ್ರ. ಎರಡನ್ನೂ ಬಳಸೋ ನಾನು ಇವತ್ತಿಗೂ ತಪ್ಪು ಮಾಡ್ತೀನಿ.

ಹೊಸಬರ ಪಾಡೇನು? 1990ರ ದಶಕದಲ್ಲಿ ರ‍್ಯಾಂಡಿ ಪಾಶ್ ಅವರ ತಂಡ ‘ಆಲಿಸ್’ ಅನ್ನೋ ಕಲಿಕೆಯ ಸಾಧನ ಕಟ್ಟುವಾಗ, ಕಲಿಯುವವರು ಪದೇಪದೇ ಇಲ್ಲೇ ಎಡವೋದನ್ನು ನೋಡಿತು. ಕಲಿಯುವವರನ್ನು ತಿದ್ದಲಿಲ್ಲ, ತಾವು ಬಳಸುತ್ತಿದ್ದ ಪೈಥಾನನ್ನೇ ತಿದ್ದಿ ಭೇದವನ್ನು ಕಿತ್ತುಹಾಕಿದರು.

ಹಾಗಾದರೆ ಎಲ್ಲ ಕಡೆ ಕಿತ್ತುಹಾಕೋಣ ಅಂತೀರಾ? ಸ್ವಲ್ಪ ತಡೀರಿ. ತುರ್ಕಿ ಭಾಷೆಯಲ್ಲಿ ಚುಕ್ಕಿ ಇರೋ ಐ, ಚುಕ್ಕಿ ಇಲ್ಲದ ಐ ಎರಡೂ ಬೇರೆಬೇರೆ ಅಕ್ಷರಗಳು. ಅಲ್ಲಿ ಇಂಗ್ಲಿಷಿನ ದೊಡ್ಡ ಐಯನ್ನು ಸಣ್ಣದು ಮಾಡಿದರೆ ಚುಕ್ಕಿ ಬರೋದಿಲ್ಲ. ಪಿಎಚ್‌ಪಿ ಕ್ಲಾಸ್ ಹೆಸರುಗಳಲ್ಲಿ ದೊಡ್ಡ-ಸಣ್ಣ ನೋಡೋದಿಲ್ಲ, ಎಲ್ಲವನ್ನೂ ಸಣ್ಣದು ಮಾಡಿ ಹುಡುಕುತ್ತೆ. ಹೀಗಾಗಿ ಪ್ರೋಗ್ರಾಂನ ಭಾಷೆಯನ್ನು ತುರ್ಕಿಗೆ ಬದಲಿಸಿದರೆ, ಹೆಸರಲ್ಲಿ ದೊಡ್ಡ ಐ ಇದ್ದ ಕ್ಲಾಸ್‌ಗಳು ಕಾಣೆಯಾಗ್ತಿದ್ದವು! ಅದು ಸರಿಹೋದದ್ದು 2013ರಲ್ಲಿ, 5.5ನೇ ಆವೃತ್ತಿಯಲ್ಲಿ.

ಅದಕ್ಕೇ ನಾನು ಭೇದ ಇರಲಿ ಅನ್ನೋರ ಕಡೆ. ಆದರೆ ತಪ್ಪಿದವರನ್ನು ಬೈದು ಕಳಿಸಬಾರದು. 2021ರ ಪೈಥಾನ್ 3.10, ಹೆಸರು ಸಿಗದಿದ್ದಾಗ ‘ನೀವು ಹೇಳಿದ್ದು ಇದೇನಾ?’ ಅಂತ ಕೇಳೋದನ್ನು ಕಲಿಯಿತು. ಹತ್ತಿರದ ಹೆಸರು ಹುಡುಕೋ ಆ ಕೋಡ್‌ನಲ್ಲಿ ಅಕ್ಷರವೇ ಬೇರೆಯಾಗಿದ್ದರೆ ದಂಡ 2, ಬರೀ ದೊಡ್ಡ-ಸಣ್ಣದ ತಪ್ಪಾದರೆ 1.