ಪಾಲಿಕೆಯ ಲೆಕ್ಕದಲ್ಲಿ ನಾವು

ಊರಲ್ಲಿ ಯಾರಾದರೂ ಕೇಳಿದರೆ ನಾವೆಲ್ಲ 'ಬೊಂಬಾಯಿಯಲ್ಲಿದ್ದೇವೆ' ಅಂತಲೇ ಹೇಳುವುದು. ಆದರೆ ನಮ್ಮಲ್ಲಿ ಬಹಳ ಮಂದಿಗೆ ದುಡಿಮೆ ಮಾತ್ರ ಮುಂಬಯಿಯಲ್ಲಿ, ಮನೆ ಬೇರೆ ಊರಲ್ಲಿ. ನಾನಿರುವುದು ಡೊಂಬಿವಲಿ, ತಂಗಿ ನೆರೂಲ್, ದೊಡ್ಡಪ್ಪನ ಮಕ್ಕಳು ಥಾಣೆ. ಈ ಮೂರಕ್ಕೂ ಬೇರೆ ಬೇರೆ ಮಹಾನಗರ ಪಾಲಿಕೆ, ಬೇರೆ ಬೇರೆ ಚರಿತ್ರೆ, ಬೇರೆ ಬೇರೆ ಜಗಳ.

ಈ ಸೀಮೆ ನಮಗೆ ತೀರಾ ಪರಕೀಯವೇನಲ್ಲ. ಒಂಬತ್ತನೆಯ ಶತಮಾನದಲ್ಲಿ ಉತ್ತರ ಕೊಂಕಣವನ್ನು ಆಳಿದ ಶಿಲಾಹಾರರು ರಾಷ್ಟ್ರಕೂಟರ ಸಾಮಂತರು. ಬೊರಿವಲಿ ಬಳಿಯ ಕನ್ಹೇರಿ ಗುಹೆಗಳ ಶಾಸನಗಳಲ್ಲಿ ಪುಲ್ಲಶಕ್ತಿ, ಕಪರ್ದಿಗಳ ಜೊತೆ ಅವರ ದೊರೆ ಅಮೋಘವರ್ಷನ ಹೆಸರಿದೆ. ಅವನೇ ನಮ್ಮ ನೃಪತುಂಗ. ಆದರೆ ನೃಪತುಂಗನ ಹೆಸರು ಹೇಳಿದರೆ ನಲ್ಲಿಯಲ್ಲಿ ನೀರು ಬರುವುದಿಲ್ಲ, ಅದಕ್ಕೆ ನಗರಸೇವಕನನ್ನೇ ಹುಡುಕಬೇಕು. ನಗರಸೇವಕ ಅಂದರೆ ನಮ್ಮ ಕಡೆಯ ಕಾರ್ಪೊರೇಟರ್.

1853ರ ಏಪ್ರಿಲ್ 16ರಂದು ದೇಶದ ಮೊದಲ ಪ್ರಯಾಣಿಕರ ರೈಲು ಬೋರಿಬಂದರಿನಿಂದ ಥಾಣೆಗೆ ಬಂತು. ಹತ್ತು ವರ್ಷಕ್ಕೆ, 1863ರಲ್ಲಿ, ಥಾಣೆಗೆ ಪುರಸಭೆಯೂ ಬಂತು. ದೇಶವಿಭಜನೆಯ ನಂತರ ಕಲ್ಯಾಣದ ಸೇನಾ ಶಿಬಿರದಲ್ಲಿ ಇಳಿದ ಸಿಂಧಿ ನಿರಾಶ್ರಿತರಿಂದ ಉಲ್ಹಾಸನಗರ ಬೆಳೆಯಿತು. ಅಂತೂ ಹೊರಗಿನಿಂದ ಬಂದವರು ನೆಲೆ ನಿಲ್ಲುವುದು ಇಲ್ಲಿ ಹೊಸತಲ್ಲ. ಹೊಸತು ಅದರ ವೇಗ. 1982ರಲ್ಲಿ ಥಾಣೆ, 1983ರಲ್ಲಿ ಕಲ್ಯಾಣ-ಡೊಂಬಿವಲಿ, 1992ರಲ್ಲಿ ನವಿ ಮುಂಬಯಿ, ಹೀಗೆ ಹತ್ತೇ ವರ್ಷದಲ್ಲಿ ಮೂರು ಮಹಾನಗರ ಪಾಲಿಕೆಗಳು! ಅದೇ 1982ರ ಜನವರಿಯಲ್ಲಿ ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಶುರುವಾಗಿತ್ತು. ಗಿರಣಿಗಳು ಒಂದೊಂದಾಗಿ ಮುಚ್ಚಿದವು, ಮುಂಬಯಿಯ ಖೋಲಿ ಕೈಗೆಟುಕದಾಯಿತು, ಜನ ಲೋಕಲ್ ಹಿಡಿದು ಮುಂದೆ ಮುಂದೆ ಹೋದರು. 1991ರಲ್ಲಿ ಮೂರು ಲಕ್ಷವಿದ್ದ ನವಿ ಮುಂಬಯಿಯ ಜನಸಂಖ್ಯೆ 2011ಕ್ಕೆ 11 ಲಕ್ಷ ದಾಟಿತು. ಆ ಗಣತಿಯಲ್ಲಿ ಕಲ್ಯಾಣ-ಡೊಂಬಿವಲಿಯಲ್ಲಿ 12 ಲಕ್ಷಕ್ಕೂ ಹೆಚ್ಚು, ಥಾಣೆಯಲ್ಲಿ 18 ಲಕ್ಷಕ್ಕೂ ಹೆಚ್ಚು ಜನ. ಥಾಣೆ ಜಿಲ್ಲೆ ಇಡೀ ದೇಶದಲ್ಲೇ ಅತಿ ಹೆಚ್ಚು ಜನರಿರುವ ಜಿಲ್ಲೆಯಾಯಿತು. 2014ರಲ್ಲಿ ಅದನ್ನು ಒಡೆದು ಪಾಲ್ಘರ್ ಮಾಡಿದರು.

ಇಷ್ಟು ಜನ ಯಾರ ನೆಲದ ಮೇಲೆ ನಿಂತರು? ಆಗ್ರಿ, ಕೋಳಿ ಜನರ ಗದ್ದೆ, ಉಪ್ಪಿನ ಆಗರ, ಮೀನಿನ ಖಾಡಿಗಳ ಮೇಲೆ. 1970ರಲ್ಲಿ ಹುಟ್ಟಿದ ಸಿಡ್ಕೋ ಸಂಸ್ಥೆಯ ಹೊಸ ನಗರದ ನಕ್ಷೆಯೊಳಗೆ 95 ಹಳ್ಳಿಗಳು ಸೇರಿದವು. 1984ರ ಜನವರಿಯಲ್ಲಿ ಉರಣ ತಾಲೂಕಿನಲ್ಲಿ ದಿ. ಬಾ. ಪಾಟೀಲರ ಮುಂದಾಳುತನದಲ್ಲಿ ರೈತರು ಬೀದಿಗಿಳಿದಾಗ ಗೋಲೀಬಾರಿನಲ್ಲಿ ಐವರು ಸತ್ತರು. ಕಳೆದುಕೊಂಡ ಭೂಮಿಯ ಶೇ. 12.5ರಷ್ಟನ್ನು ಅಭಿವೃದ್ಧಿಪಡಿಸಿ ಹಿಂದಿರುಗಿಸುವ ಯೋಜನೆ ಬಂದದ್ದು ಆ ಹೋರಾಟದ ಫಲ. ಡೊಂಬಿವಲಿ ಸುತ್ತಿನ 27 ಹಳ್ಳಿಗಳದ್ದು ಇನ್ನೊಂದು ಕತೆ. 1983ರಲ್ಲಿ ಪಾಲಿಕೆಯೊಳಗೆ ಬಂದವು, 2002ರಲ್ಲಿ ಹೊರಬಂದವು, 2015ರಲ್ಲಿ ಮತ್ತೆ ಒಳಗೆ. ಒಳಗಿದ್ದರೆ ತೆರಿಗೆಯ ಭಯ, ಹೊರಗಿದ್ದರೆ ನೀರು, ರಸ್ತೆಯ ಚಿಂತೆ. ನಮ್ಮ ಬಿಲ್ಡಿಂಗುಗಳು ಎದ್ದದ್ದು ಇಂಥ ನೆಲದಲ್ಲಿ ಎಂಬುದನ್ನು ನಾವು ಮರೆಯಬಾರದು.

ಇನ್ನು ಕನ್ನಡಿಗರು. 2011ರ ಗಣತಿಯಂತೆ ಮಹಾರಾಷ್ಟ್ರದಲ್ಲಿ ಕನ್ನಡ ಮಾತೃಭಾಷೆಯೆಂದು ಬರೆಸಿದವರು ಸುಮಾರು 10 ಲಕ್ಷ. ಸೊಲ್ಲಾಪುರ, ಸಾಂಗಲಿ ಕಡೆಯವರೂ ಅದರಲ್ಲೇ ಸೇರಿದ್ದಾರೆ. ತುಳು, ಕೊಂಕಣಿ ಬರೆಸಿದವರ ಲೆಕ್ಕ ಬೇರೆ. ಸಂಘದ ಕಾರ್ಯಕ್ರಮದಲ್ಲಿ ಒಟ್ಟಿಗೆ ಕೂತು ಯಕ್ಷಗಾನ ನೋಡುವವರು ಗಣತಿಯಲ್ಲಿ ಮೂರು ಕಾಲಮ್ಮಿನಲ್ಲಿರುತ್ತಾರೆ. ಸಂಘದ ಬಾಗಿಲಿಗೇ ಬಾರದ ಕನ್ನಡಿಗರೂ ಇದ್ದಾರೆ. ಬೆಳಗ್ಗೆ ನವಿ ಮುಂಬಯಿಯ ಕೂಲಿನಾಕಾಗಳಲ್ಲಿ ಗುದ್ದಲಿ, ಬುಟ್ಟಿ ಹಿಡಿದು ನಿಂತವರ ಮಾತು ಕೇಳಿ ನೋಡಿ: 'ಯಾವೂರಾಗ ಕೆಲ್ಸ ಐತ್ರಿ?' ಕಲಬುರಗಿ, ವಿಜಾಪುರ ಕಡೆಯ ಕನ್ನಡ! ನಗರ ಕಟ್ಟಿದ ಕೈ ಅವರದು. ಪಾಲಿಕೆಯ ಮತಪಟ್ಟಿಯಲ್ಲಿ ಹುಡುಕಿದರೆ ಅವರಲ್ಲಿ ಎಷ್ಟೋ ಜನರ ಹೆಸರಿಲ್ಲ. ಓಟು ಊರಲ್ಲೇ ಇದೆ. ಪಂಚಾಯಿತಿ ಚುನಾವಣೆ ಬಂದಾಗ ಊರಿನವರೇ ಗಾಡಿ ಮಾಡಿ ಕರೆಸಿಕೊಳ್ಳುತ್ತಾರೆ.

ಓದಿದ ನಮ್ಮಲ್ಲೂ ಇದು ಇಲ್ಲದಿಲ್ಲ. 'ಇಲ್ಲಿ ಇರುವುದು ಎಷ್ಟು ದಿನ ಮಾರಾಯ, ರಿಟೈರಾದ ಮೇಲೆ ಊರಿಗೇ' ಎನ್ನುತ್ತ ಮೂವತ್ತು ವರ್ಷ ಕಳೆಯುತ್ತೇವೆ. ಅಷ್ಟರಲ್ಲಿ ಮಕ್ಕಳಿಗೆ ಇದೇ ಊರಾಗಿರುತ್ತದೆ. ಪಾಲಿಕೆಯ ಚುನಾವಣೆ ಕೆಲವು ನೂರು ಮತಗಳ ಆಟ. ಚದುರಿ ಕೂತವರ ಓಟಿಗೂ ಅಲ್ಲಿ ಬೆಲೆಯಿದೆ, ಪಟ್ಟಿಯಲ್ಲಿ ಹೆಸರಿದ್ದರೆ. 2020ರಲ್ಲಿ ನವಿ ಮುಂಬಯಿ, ಕಲ್ಯಾಣ-ಡೊಂಬಿವಲಿ ಪಾಲಿಕೆಗಳ ಅವಧಿ ಮುಗಿಯಿತು, 2022ರಲ್ಲಿ ಥಾಣೆಯದು. ಆಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ ಆಡಳಿತಾಧಿಕಾರಿಗಳೇ ನಡೆಸಿದರು. ಚುನಾವಣೆ ನಡೆಸಿ ಎಂದು 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟೇ ಹೇಳಬೇಕಾಯಿತು. ಆಗ ನಮ್ಮ ಓಣಿಯ ಚರಂಡಿಗೆ ಯಾರನ್ನು ಕೇಳಬೇಕೆಂದು ತಿಳಿಯದೆ ಮರಾಠಿ, ಗುಜರಾತಿ, ಕನ್ನಡದ ಮನೆಯವರೆಲ್ಲ ಒಟ್ಟಿಗೆ ಅರ್ಜಿ ಬರೆದೆವು. ಕೆಳಗಿನ ಸಹಿಗಳಲ್ಲಿ ಯಾರೂ ಊರು ಹಾಕಲಿಲ್ಲ, ಫ್ಲ್ಯಾಟಿನ ನಂಬರ್ ಮಾತ್ರ ಹಾಕಿದೆವು.