ಡ್ಯಾಶ್‌ಕ್ಯಾಮ್ ಎಂಬ ಆಧಾರ: ಮುನ್ನೋಟ ಹಿನ್ನೋಟಗಳ ತೌಲನಿಕ ವಿಚಾರ

೨೦೧೩ನೆಯ ಇಸವಿಯ ಫೆಬ್ರವರಿ ೧೫ರ ಬೆಳಗ್ಗೆ ರಷ್ಯದ ಚೆಲ್ಯಾಬಿನ್ಸ್ಕ್ ನಗರದ ಆಕಾಶದಲ್ಲಿ ಉಲ್ಕೆಯೊಂದು ಸಿಡಿಯಿತು. ಆ ಆಘಾತಕ್ಕೆ ಕಿಟಕಿಗಳ ಗಾಜು ಒಡೆದು ಸಾವಿರಕ್ಕೂ ಹೆಚ್ಚು ಜನ ಗಾಯಗೊಂಡರು. ಆ ಹೊತ್ತಿನಲ್ಲಿ ರಸ್ತೆಯಲ್ಲಿದ್ದ ಸಾಮಾನ್ಯ ಚಾಲಕರ ಮೋಟಾರುಗಳಲ್ಲಿದ್ದ ಸಣ್ಣ ಕ್ಯಾಮೆರಾಗಳು ಈ ಘಟನೆಯನ್ನು ಹಲವು ದಿಕ್ಕುಗಳಿಂದ ದಾಖಲಿಸಿದವು. ಅಂಥ ದೃಶ್ಯಗಳನ್ನು ಅಳೆದು ವಿಜ್ಞಾನಿಗಳು ಉಲ್ಕೆಯು ಬಂದ ಪಥವನ್ನು ಗಣಿಸಿದರು. ಆದರೆ ಆ ಕ್ಯಾಮೆರಾಗಳನ್ನು ಯಾರೂ ಉಲ್ಕೆಗಾಗಿ ಇಟ್ಟಿರಲಿಲ್ಲ. ರಷ್ಯದಲ್ಲಿ ೨೦೦೩ರಲ್ಲಿ ವಾಹನ ವಿಮೆ ಕಡ್ಡಾಯವಾಯಿತು. ವಿಮೆಯ ಹಣಕ್ಕಾಗಿ ಬೇಕೆಂದೇ ಅಪಘಾತವನ್ನು ಹೂಡುವವರ ಕಾಟ ಒಂದು ಕಡೆ, ರಸ್ತೆಯ ಪೋಲೀಸರಲ್ಲಿ ಅಪನಂಬಿಕೆ ಇನ್ನೊಂದು ಕಡೆ. ಇವೆರಡರ ನಡುವೆ ಸಿಕ್ಕ ಚಾಲಕನು ತನ್ನ ಮಾತಿಗೆ ತಾನೇ ಒಬ್ಬ ಸಾಕ್ಷಿಯನ್ನು ಒದಗಿಸಿಕೊಳ್ಳಬೇಕಾಯಿತು. ಡ್ಯಾಶ್‌ಕ್ಯಾಮ್ ಎಂಬುದು ಸಾಕ್ಷಿಯಿಲ್ಲದವನು ಹಣಕೊಟ್ಟು ಕೊಂಡ ಸಾಕ್ಷಿ.

ಅದು ಎಂಥ ಸಾಕ್ಷಿ, ಅದರ ಮಾತನ್ನು ಎಷ್ಟರಮಟ್ಟಿಗೆ ಒಪ್ಪಬಹುದು ಎಂಬುದನ್ನು ಆಧಾರವಿಮರ್ಶೆಯ ದೃಷ್ಟಿಯಿಂದ ಪರಿಶೀಲಿಸುವುದೇ ಈ ಲೇಖನದ ಉದ್ದೇಶ.

ಚಲಿಸುವ ವಾಹನದ ಮುಂದೆ ಕ್ಯಾಮೆರಾ ಇಡುವ ಪದ್ಧತಿ ಹೊಸದೇನೂ ಅಲ್ಲ. ಮೈಲ್ಸ್ ಸಹೋದರರು ಸ್ಯಾನ್ ಫ್ರಾನ್ಸಿಸ್ಕೋ ನಗರದ ಮಾರ್ಕೆಟ್ ಸ್ಟ್ರೀಟಿನಲ್ಲಿ ಕೇಬಲ್ ಟ್ರಾಮಿನ ಮುಂಭಾಗದಿಂದ ತೆಗೆದ ಚಲಚ್ಚಿತ್ರವು ಇದಕ್ಕೆ ಪ್ರಸಿದ್ಧ ನಿದರ್ಶನ. ಅದನ್ನು ೧೯೦೫ರದೆಂದು ಬಹುಕಾಲ ಎಣಿಸಲಾಗಿತ್ತು. ಚಲಚ್ಚಿತ್ರ ಚರಿತ್ರಕಾರ ಡೇವಿಡ್ ಕೀನ್ ಅವರು ಚಿತ್ರದಲ್ಲಿ ಕಾಣುವ ಮೋಟಾರಿನ ನೋಂದಣಿ ಫಲಕ, ರಸ್ತೆಯಲ್ಲಿ ನಿಂತ ಮಳೆನೀರು, ಅಂದಿನ ಪತ್ರಿಕೆಗಳ ಬರಹ ಇವುಗಳನ್ನು ಕೂಡಿಸಿ ನೋಡಿ, ಅದು ೧೯೦೬ರ ಏಪ್ರಿಲ್ ೧೮ರ ಮಹಾಭೂಕಂಪಕ್ಕೆ ಕೆಲವೇ ದಿನಗಳ ಹಿಂದಿನದೆಂದು ತೋರಿಸಿದರು. ಇನ್ನೊಂದು ಸಂಗತಿ ಇದಕ್ಕಿಂತಲೂ ಸ್ವಾರಸ್ಯವಾದುದು. ಚಿತ್ರವನ್ನು ಮೊದಲ ಸಲ ನೋಡಿದವನಿಗೆ ಆ ಬೀದಿಯಲ್ಲಿ ಮೋಟಾರುಗಳು ಕಿಕ್ಕಿರಿದಿದ್ದಂತೆ ತೋರುತ್ತದೆ. ಎಚ್ಚರದಿಂದ ನೋಡಿದರೆ ಕೆಲವೇ ಮೋಟಾರುಗಳು ಕ್ಯಾಮೆರಾವನ್ನು ಸುತ್ತುಹಾಕಿ ಮತ್ತೆ ಮತ್ತೆ ಎದುರಿಗೆ ಬರುತ್ತಿವೆ. ಅವು ಹೇಗೆ ತಿರುಗಿ ಬಂದುವೆಂಬುದು ಚಿತ್ರದಲ್ಲಿಲ್ಲ, ಏಕೆಂದರೆ ಹಿಂದಕ್ಕೆ ನೋಡುವ ಮಸೂರವೇ ಇರಲಿಲ್ಲ. ಬೀದಿಯಲ್ಲಿ ವಾಹನಗಳೆಷ್ಟು ಎಂದು ಎಣಿಸಹೊರಟ ವಿದ್ಯಾರ್ಥಿಯನ್ನು ಈ ಕೊರತೆ ದಾರಿತಪ್ಪಿಸಬಲ್ಲುದು.

ಇಂದಿನ ಸಾಧಾರಣ ಚಾಲಕನ ಕಷ್ಟವೂ ಇದೇ. ಹಿಂದಿನಿಂದ ಬಂದು ಗುದ್ದಿದ ವಾಹನವನ್ನು ಮುಂದಿನ ಕ್ಯಾಮೆರಾ ಕಾಣಲಾರದು. ಅದರಲ್ಲಿ ದಾಖಲಾಗುವುದು ಒಂದು ಕುಲುಕು, ಒಂದು ಶಬ್ದ, ಅಷ್ಟೆ. ಅವನು ಹಠಾತ್ತನೆ ತಡೆ ಒತ್ತಿದನೆಂದು ಹಿಂದಿನವನು ವಾದಿಸಿದರೆ, ತನ್ನ ಮುಂದೆ ನಿಜವಾಗಿಯೂ ಅಡ್ಡಿಯಿತ್ತೆಂಬುದಕ್ಕೆ ಮುನ್ನೋಟ ಬೇಕು, ಹಿಂದಿನವನು ಅಂತರ ಬಿಟ್ಟಿರಲಿಲ್ಲವೆಂಬುದಕ್ಕೆ ಹಿನ್ನೋಟ ಬೇಕು. ಎರಡೂ ಒಂದೇ ಗಡಿಯಾರಕ್ಕೆ ಹೊಂದಿರಬೇಕು.

ಅಗ್ಗದ ದರ್ಜೆಯವೆಂದು ಹೆಸರಾದ ಎರಡು ಜೋಡಿ ಕ್ಯಾಮೆರಾಗಳನ್ನು ಹೋಲಿಸೋಣ. ವಿಯೊಫೊ ಸಂಸ್ಥೆಯ ಎ೧೨೯ ಡ್ಯುಯೊ ಎಂಬುದರಲ್ಲಿ ಮುಂದಿನ ಹಿಂದಿನ ಮಸೂರಗಳೆರಡೂ ೧೯೨೦×೧೦೮೦ ಬಿಂದುಗಳ ಚಿತ್ರವನ್ನು ಕೊಡುತ್ತವೆ. ೭೦ಮಾಯ್ ಸಂಸ್ಥೆಯ ಎ೫೦೦ಎಸ್ ಎಂಬುದು ಮುಂದೆ ೨೫೯೨×೧೯೪೪, ಹಿಂದೆ ೧೯೨೦×೧೦೮೦. ಅಂದರೆ ಎರಡನೆಯದರ ಮುನ್ನೋಟದಲ್ಲಿ ಸುಮಾರು ೫೦ ಲಕ್ಷ ಬಿಂದುಗಳಿದ್ದರೆ ಮೊದಲನೆಯದರಲ್ಲಿ ೨೦ ಲಕ್ಷದಷ್ಟು ಮಾತ್ರ. ಅಂಗಡಿಯವನು ಈ ಸಂಖ್ಯೆಯನ್ನೇ ಎತ್ತಿ ಹೇಳುತ್ತಾನೆ. ಎದುರು ಬರುವ ವಾಹನದ ಫಲಕವನ್ನು ಹಗಲಿನಲ್ಲಿ ಓದಲು ಅದರಿಂದ ಅನುಕೂಲವಿರುವುದೂ ನಿಜ. ಆದರೆ ಹಿನ್ನೋಟದಲ್ಲಿ ಎರಡೂ ಸರಿಸಮವೆಂಬುದನ್ನು ಮರೆಯಬಾರದು. ವಿಯೊಫೊದಲ್ಲಿ ಬ್ಯಾಟರಿಯ ಬದಲು ಸೂಪರ್ ಕೆಪ್ಯಾಸಿಟರ್ ಇದೆ; ೭೦ಮಾಯ್‌ನಲ್ಲಿರುವುದು ಲಿಥಿಯಂ ಬ್ಯಾಟರಿ. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಕಾರಿನ ಗಾಜಿಗೆ ಅಂಟಿಕೊಂಡು ವರ್ಷಗಟ್ಟಲೆ ಬೇಯಬೇಕಾದ ಉಪಕರಣಕ್ಕೆ ಕೆಪ್ಯಾಸಿಟರೇ ಮೇಲು. ಕಾವಿಗೆ ಬ್ಯಾಟರಿ ಉಬ್ಬುತ್ತದೆ, ಶಕ್ತಿಗುಂದುತ್ತದೆ. ನಮ್ಮ ಬಯಲುಸೀಮೆಯ ಏಪ್ರಿಲ್ ತಿಂಗಳನ್ನು ನೆನೆದರೆ ನನ್ನ ಒಲವು ಬಿಂದುಗಳ ಕಡೆಗಿಂತ ಬಾಳಿಕೆಯ ಕಡೆಗೇ ಹೆಚ್ಚು. ಜಿಪಿಎಸ್ ವ್ಯವಸ್ಥೆಯು ೭೦ಮಾಯ್‌ನಲ್ಲಿ ಒಡಲೊಳಗೇ ಇದೆ, ವಿಯೊಫೊದಲ್ಲಿ ಗಾಜಿಗೆ ಅಂಟಿಸುವ ಹಿಡಿಕೆಯಲ್ಲಿದೆ. ಇದು ಸಣ್ಣ ವಿಷಯವಲ್ಲ. ಜಿಪಿಎಸ್ ಇಲ್ಲದ ಕ್ಯಾಮೆರಾದ ಗಡಿಯಾರವನ್ನು ಕೈಯಿಂದ ತಿದ್ದಬೇಕು; ತಿದ್ದದಿದ್ದರೆ ದೃಶ್ಯದ ಮೇಲೆ ತಪ್ಪು ತೇದಿ ಅಚ್ಚಾಗುತ್ತದೆ. ತೇದಿ ಕೆಟ್ಟ ದಾಖಲೆಯ ಗತಿಯೇನೆಂಬುದನ್ನು ಗಂಗರ ತಾಮ್ರಶಾಸನಗಳ ವಿಷಯವಾಗಿ ಫ್ಲೀಟ್ ಮತ್ತು ರೈಸ್ ವಿದ್ವಾಂಸರ ನಡುವೆ ನಡೆದ ವಾದವನ್ನು ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಶಾಸನಕ್ಕೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವುಂಟು. ಶಾಸನವನ್ನು ಉಳಿಯಲೆಂದು ಕೆತ್ತಿಸುತ್ತಿದ್ದರು; ಡ್ಯಾಶ್‌ಕ್ಯಾಮ್ ತನ್ನ ದಾಖಲೆಯನ್ನು ತಾನೇ ಅಳಿಸುತ್ತ ಹೋಗುತ್ತದೆ. ಒಂದೊಂದು ಮಸೂರವು ಸೆಕೆಂಡಿಗೆ ೧೬ ಮೆಗಾಬಿಟ್‌ನಂತೆ ಬರೆಯುತ್ತದೆಂದು ಇಟ್ಟುಕೊಂಡರೆ, ಎರಡಕ್ಕೂ ಸೇರಿ ಗಂಟೆಗೆ ೧೪.೪ ಗಿಗಾಬೈಟ್, ೬೪ ಗಿಗಾಬೈಟಿನ ಕಾರ್ಡು ನಾಲ್ಕೂವರೆ ಗಂಟೆಯೊಳಗೆ ತುಂಬಿ, ಹಳೆಯದರ ಮೇಲೆ ಹೊಸದು ಬರತೊಡಗುತ್ತದೆ. ಹಿನ್ನೋಟವನ್ನು ಸೇರಿಸಿದವನು ತನ್ನ ದಾಖಲೆಯ ಆಯುಷ್ಯವನ್ನು ಅರ್ಧಕ್ಕಿಳಿಸಿಕೊಂಡ ಹಾಗಾಯಿತು. ಕುಲುಕನ್ನು ಗುರುತಿಸಿ ಆ ತುಣುಕನ್ನು ಬೇರೆಯಾಗಿ ಕಾಪಿಡುವ ಏರ್ಪಾಟು ಇವುಗಳಲ್ಲಿದೆಯಾದರೂ, ಮೆಲ್ಲಗೆ ತಾಗಿದ ಪೆಟ್ಟನ್ನು ಅದು ಗಮನಿಸದೆ ಹೋಗಬಹುದು. ಆದುದರಿಂದ ಕ್ಯಾಮೆರಾದ ಬೆಲೆಯಲ್ಲಿ ಉಳಿಸಿದ ಹಣವನ್ನು ದೊಡ್ಡದಾದ, ಬಾಳಿಕೆಯ ಕಾರ್ಡಿಗೆ ವೆಚ್ಚಮಾಡುವುದು ಯುಕ್ತ.

ಇಂಥ ದಾಖಲೆಯನ್ನು ನ್ಯಾಯಾಲಯಗಳು ಎಲ್ಲೆಡೆಯೂ ಒಂದೇ ರೀತಿಯಾಗಿ ಕಂಡಿಲ್ಲ. ಕಾರಣವಿಲ್ಲದೆ ರಸ್ತೆಯನ್ನು ಸತತವಾಗಿ ಚಿತ್ರಿಸುವುದು ಖಾಸಗಿ ಮಾಹಿತಿಯ ರಕ್ಷಣೆಯ ಕಾಯಿದೆಗೆ ವಿರುದ್ಧವೆಂದು ಹೇಳಿಯೂ, ಅಪಘಾತದ ದಾವೆಯಲ್ಲಿ ಆ ಚಿತ್ರವನ್ನು ಸಾಕ್ಷ್ಯವಾಗಿ ಬಳಸಬಹುದೆಂದು ಜರ್ಮನಿಯ ಸಂಯುಕ್ತ ಉಚ್ಚ ನ್ಯಾಯಾಲಯವು ೨೦೧೮ರ ಮೇ ೧೫ರಂದು ತೀರ್ಪಿತ್ತಿತು. ಭಾರತದಲ್ಲಿ ೧೮೭೨ರ ಸಾಕ್ಷ್ಯ ಅಧಿನಿಯಮಕ್ಕೆ ೨೦೦೦ದಲ್ಲಿ ಸೇರಿದ ೬೫ಬಿ ಪ್ರಕರಣವು ವಿದ್ಯುನ್ಮಾನ ದಾಖಲೆಯ ಪ್ರತಿಗೆ ಪ್ರಮಾಣಪತ್ರವನ್ನು ಬಯಸಿತು. ಮೂಲ ಉಪಕರಣವನ್ನೇ ಹಾಜರುಪಡಿಸಿದರೆ ಪ್ರಮಾಣಪತ್ರ ಬೇಡವೆಂದೂ, ಪ್ರತಿಯನ್ನು ತಂದರೆ ಅದು ಅನಿವಾರ್ಯವೆಂದೂ ಸರ್ವೋಚ್ಚ ನ್ಯಾಯಾಲಯವು ೨೦೨೦ರಲ್ಲಿ ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೬೩ನೆಯ ಪ್ರಕರಣದಲ್ಲಿ ಪ್ರಮಾಣಪತ್ರಕ್ಕೆ ಎರಡು ಭಾಗಗಳಿವೆ: ಒಂದನ್ನು ದಾಖಲೆ ತಂದವನು ತುಂಬಬೇಕು, ಇನ್ನೊಂದನ್ನು ತಜ್ಞನು ತುಂಬಬೇಕು, ದಾಖಲೆ ಬದಲಾಗಿಲ್ಲವೆಂಬುದನ್ನು ತೋರಿಸುವ ಹ್ಯಾಶ್ ಸಂಖ್ಯೆಯನ್ನೂ ಅದರಲ್ಲಿ ಕಾಣಿಸಬೇಕು. ಅಪಘಾತವಾದೊಡನೆ ದೃಶ್ಯವನ್ನು ದೂರವಾಣಿಗೆ ಇಳಿಸಿಕೊಂಡು ಮಿತ್ರರಿಗೆ ಕಳುಹಿಸಿ, ಕಾರ್ಡನ್ನು ಮತ್ತೆ ಕ್ಯಾಮೆರಾದಲ್ಲೇ ಬಿಟ್ಟು ಮನೆಗೆ ಹೊರಡುವವನು ಮೂಲಪ್ರತಿಯ ಮೇಲೆ ತಾನೇ ಬರೆಸುತ್ತಾನೆ. ಅವನ ಕೈಯಲ್ಲಿ ಉಳಿಯುವುದು ಹಲವು ಸಲ ಕುಗ್ಗಿದ ಒಂದು ನಕಲು ಮಾತ್ರ.