ಕಾಮಾಲೆ ತರಿಸಿ ಕ್ಯಾನ್ಸರ್ ಓಡಿಸಲು ಹೊರಟವರು

ಕಾಮಾಲೆ ಅಂದರೆ ನಾವು ಹೆದರುತ್ತೇವೆ. 1949ರಲ್ಲಿ ಅಮೆರಿಕದ ವೈದ್ಯರು ಅದನ್ನು ಬೇಕಂತಲೇ ತರಿಸಿದರು! ಹಾಡ್ಜ್‌ಕಿನ್ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇದ್ದ ಕೆಲವರಿಗೆ ಕಾಮಾಲೆಯಾದ ಮೇಲೆ ಕ್ಯಾನ್ಸರ್ ತುಸು ತಗ್ಗಿದ್ದನ್ನು ಅವರು ಕಂಡಿದ್ದರು. ಸರಿ, ಹೆಪಟೈಟಿಸ್ ವೈರಸ್ ಇದ್ದ ಸೀರಮ್ಮನ್ನೇ ಔಷಧಿ ಮಾಡಿದರು. ಒಟ್ಟು 22 ರೋಗಿಗಳು. ನಾನು ಓದಿದ ಬರಹಗಳಲ್ಲಿ ಅವರು ಬರೀ ಸಂಖ್ಯೆ. 7 ಮಂದಿ ಕೆಲಕಾಲ ಚೇತರಿಸಿಕೊಂಡರು, 4 ಮಂದಿಯ ಗಡ್ಡೆ ಕುಗ್ಗಿತು. ಆದರೆ ಹೆಪಟೈಟಿಸ್‌ನಿಂದಲೇ ಸಾವೂ ಆಯಿತು. ಇದನ್ನೋದಿ ಕಾಮಾಲೆ ಒಳ್ಳೆಯದು ಅಂದುಕೊಳ್ಳಬೇಡಿ ಮತ್ತೆ! ಗಡ್ಡೆಯನ್ನು ಮಾತ್ರ ಕೊಂದು ಲಿವರ್ ಬಿಟ್ಟುಬಿಡು ಅಂತ ವೈರಸ್‌ಗೆ ಕಲಿಸುವ ವಿದ್ಯೆ ಆಗ ಇರಲಿಲ್ಲ. ಜೀನ್ ತಿದ್ದುವುದು ಗೊತ್ತಾದ ಮೇಲೆ ಹರ್ಪಿಸ್ ವೈರಸ್ಸನ್ನು ಪಳಗಿಸಿದರು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್‌ಗೆ ಅದನ್ನು ಔಷಧಿಯಾಗಿ ಅಮೆರಿಕ ಒಪ್ಪಿದ್ದು 2015ರಲ್ಲಿ.